ಜೀಪಿನ ಅಡಿಯಿಂದ: ಮಳೆಗಾಲದ ಪತ್ರಗಳು

ಆರಿದ್ರಾ ಮಳೆ ಹಿಡಿದು ಎಂಟು ದಿನವಾಯ್ತು. ಈ ಸಲ ಬಂದ ಪತ್ರಗಳಲ್ಲಿ ಎರಡು ನೆನೆದು ಮುದ್ದೆಯಾಗಿದ್ದವು. ಒಲೆ ಹತ್ತಿರ ಒಣಗಿಸಿಟ್ಟು, ಅಕ್ಷರ ಹುಡುಕಿ ಹುಡುಕಿ ಓದಿದ್ದೇನೆ. ಒಂದರಲ್ಲಿ ಊರಿನ ಹೆಸರೇ ಕರಗಿ ಹೋಗಿದೆ. ಪ್ರಶ್ನೆ ನಿಮ್ಮದಾಗಿದ್ದರೆ ಗೊತ್ತಾಗುತ್ತದೆ ಬಿಡಿ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಮೆಕ್ಯಾನಿಕ್ ಅಲ್ಲ. ಕೊಪ್ಪದ ಕಡೆ ಅಡಿಕೆ, ಕಾಫಿ ತೋಟ ನಮ್ಮದು. 1991ರಲ್ಲಿ ಮದುವೆಯಾಗಿ ಬಂದಾಗ ಡಾಂಬರು ರಸ್ತೆಯಿಂದ ಮನೆಗೆ ಐದು ಕಿಲೋಮೀಟರ್ ಮಣ್ಣುದಾರಿ, ನಡುವೆ ಎರಡು ಹಳ್ಳ. ಮಾವನವರ ಹತ್ತಿರ 1989ರ ಮಹೀಂದ್ರ ಎಂಎಂ 540 ಇತ್ತು, 2112 ಸಿಸಿಯ ಪಿಜೋ ಡೀಸೆಲ್ ಎಂಜಿನ್ನಿನದು. ಪೇಟೆಯ ಮೇಸ್ತ್ರಿ ಮಳೆಗಾಲದಲ್ಲಿ ನಮ್ಮನೆ ದಾರಿಗೆ ಬರಲು ಒಪ್ಪುತ್ತಿರಲಿಲ್ಲ. ನಮ್ಮನೆಯವರಿಗೆ ಗ್ರೀಸ್ ಮುಟ್ಟಿದರೆ ಊಟ ಸೇರುವುದಿಲ್ಲ. ಹಾಗಾಗಿ ಗೋಣಿಚೀಲ ಹಾಸಿ ಜೀಪಿನ ಅಡಿ ಮಲಗುವ ಕೆಲಸ ನನ್ನ ಪಾಲಿಗೆ ಬಂತು. ಅದೇ ಜೀಪು ಈಗಲೂ ಕೊಟ್ಟಿಗೆ ಪಕ್ಕ ನಿಂತಿದೆ.

ಅಕ್ಕಾ, ನಮ್ಮದು 1994ರ ಎಂಎಂ 540. ಹಿಂದಿನ ಬಲಗಡೆ ಚಕ್ರದ ಡ್ರಮ್ಮಿನಿಂದ ಎಣ್ಣೆ ಸೋರುತ್ತದೆ. ಎರಡು ಸಲ ಆಯಿಲ್ ಸೀಲ್ ಬದಲಿಸಿದೆ. ಮತ್ತೆ ಅದೇ ಕತೆ. ಮೊನ್ನೆ ಹೌಸಿಂಗ್ ಆಯಿಲ್ ಇಳಿಸಿದರೆ ಹಾಲು ಹಾಕಿದ ಕಾಫಿ ಥರ ಬಂತು. ಏನು ಮಾಡಲಿ? — ಶೃಂಗೇರಿಯ ಓದುಗರು

ಮೂರನೇ ಸಲ ಸೀಲ್ ತರಲು ಹೋಗಬೇಡಿ ಮಾರಾಯ್ರೆ. ಮೊದಲು ಒಂದು ಟಾರ್ಚ್ ಹಿಡಿದು ಹಿಂದಿನ ಆಕ್ಸಲ್ ಹೌಸಿಂಗ್, ಅಂದರೆ ಎರಡು ಹಿಂದಿನ ಚಕ್ರಗಳ ನಡುವಿನ ಕಬ್ಬಿಣದ ಕೊಳವೆಯ ಮೇಲೆ ನೋಡಿ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಟೋಪಿ ಇರುತ್ತದೆ. ಅದಕ್ಕೆ ಬ್ರೀದರ್ ಅನ್ನುತ್ತಾರೆ. ಹೌಸಿಂಗ್ ಉಸಿರಾಡುವ ಮೂಗು ಅದು. ನಿಮ್ಮದರ ಮೇಲೆ ಕೆಸರು ಗಟ್ಟಿಯಾಗಿ, ಮೂಗು ಮುಚ್ಚಿ ಹೋಗಿರುತ್ತದೆ ಅಂತ ನನ್ನ ಅನುಮಾನ.

ಅದು ಮುಚ್ಚಿದರೆ ಆಗುವುದೇನು? ಗಾಡಿ ಓಡಿದಂತೆ ಹೌಸಿಂಗ್ ಒಳಗಿನ ಎಣ್ಣೆ, ಗಾಳಿ ಎರಡೂ ಕಾಯುತ್ತವೆ. ಕಾದ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಆಗ ಎಲ್ಲಿ ಮೆತ್ತಗಿದೆಯೋ ಅಲ್ಲಿಂದ, ಅಂದರೆ ಆಯಿಲ್ ಸೀಲಿನ ಅಂಚಿನಿಂದ, ಎಣ್ಣೆಯನ್ನು ತಳ್ಳಿಕೊಂಡು ಬರುತ್ತದೆ. ಅದು ಹೋಗಿ ಬ್ರೇಕ್ ಲೈನರಿಗೆ ಮೆತ್ತಿಕೊಳ್ಳುತ್ತದೆ. ಅದೇ ಕಾದ ಹೌಸಿಂಗನ್ನು ತಂದು ತಣ್ಣನೆ ಹಳ್ಳಕ್ಕೆ ಇಳಿಸಿದರೆ ಉಲ್ಟಾ. ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಹೊರಗಿರುವುದು ನೀರು. ಅದೇ ಸೀಲಿನ ಅಂಚಿನಿಂದ ನೀರು ಒಳಗೆ ಬರುತ್ತದೆ. ನಿಮ್ಮ ಕಾಫಿ ತಯಾರಾಗುವುದು ಹೀಗೆ.

ನನಗೆ ಇದು ಗೊತ್ತಾಗಿದ್ದು ದುಡ್ಡು ಕಳೆದುಕೊಂಡ ಮೇಲೆ. ಒಂದು ಜುಲೈಯಲ್ಲಿ ಪೇಟೆಯಿಂದ ಗೊಬ್ಬರ ಹೇರಿಕೊಂಡು ಬರುತ್ತಿದ್ದೆ. ಎರಡನೇ ಹಳ್ಳದ ನಡುವೆ ಪಕ್ಕದ ಮನೆಯ ಎಮ್ಮೆ ನಿಂತಿತ್ತು. ಹಾರ್ನ್ ಹೊಡೆದೆ, ಕೂಗಿದೆ, ಅದು ಕದಲಲಿಲ್ಲ. ಹತ್ತು ನಿಮಿಷ ಮೊಳಕಾಲುದ್ದ ನೀರಲ್ಲಿ ಜೀಪು ನಿಲ್ಲಿಸಿಕೊಂಡು ಕೂತಿದ್ದೆ. ಅವತ್ತು ಏನೂ ಗೊತ್ತಾಗಲಿಲ್ಲ. ದೀಪಾವಳಿ ಹೊತ್ತಿಗೆ ಹಿಂದಿನಿಂದ ಗುಂಯ್ ಅನ್ನುವ ಶಬ್ದ ಶುರುವಾಯ್ತು. ಬಿಚ್ಚಿ ನೋಡಿದರೆ ಪಿನಿಯನ್ ಬೇರಿಂಗ್ ತುಕ್ಕು ಹಿಡಿದು ಕೆತ್ತಿಹೋಗಿತ್ತು. ಎಮ್ಮೆಯ ಯಜಮಾನರಿಗೆ ನಾನಿನ್ನೂ ಹೇಳಿಲ್ಲ.

ಈಗ ಪರಿಹಾರ. ಬ್ರೀದರ್ ಟೋಪಿ ಬಿಚ್ಚಿ, ಅದೇ ಮರೆಗೆ (ಥ್ರೆಡ್ಡಿಗೆ) ಕೂರುವ ಒಂದು ನಿಪ್ಪಲ್ ಹಾಕಿಸಿ. ಅದಕ್ಕೆ ಡೀಸೆಲ್ ಪೈಪಿನ ಜಾತಿಯ ಗಟ್ಟಿ ರಬ್ಬರ್ ಹೋಸ್ ಸಿಕ್ಕಿಸಿ ಚಾಸಿಸ್ ಗುಂಟ ಮೇಲೆ ಒಯ್ಯಿರಿ. ನನ್ನದು ಹಿಂದಿನ ಸೀಟಿನ ಎತ್ತರದಲ್ಲಿ ಬಾಡಿ ಒಳಗೆ ಮುಗಿಯುತ್ತದೆ. ತುದಿಗೆ ಒಂದು ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದ್ದೇನೆ, ಧೂಳು ಹೋಗದ ಹಾಗೆ. ಒಂದೇ ಎಚ್ಚರ: ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಹೋಸ್ ಬಿಗಿಯಾಗಿ ಕಟ್ಟಿದರೆ ಮೊದಲ ಗುಂಡಿಗೇ ಕಿತ್ತು ಬರುತ್ತದೆ. ಸಡಿಲ ಬಿಡಿ. ಮುಂದಿನ ಹೌಸಿಂಗಿಗೂ ಇದನ್ನೇ ಮಾಡಿ. ಹೋಸು, ನಿಪ್ಪಲ್ಲು, ಕ್ಲಿಪ್ಪು ಎಲ್ಲ ಸೇರಿ ಒಂದು ಸೀಟ್ ಕವರಿನ ದುಡ್ಡೂ ಆಗುವುದಿಲ್ಲ.

ಒಳಗಿನ ನೀರು ತೆಗೆಯುವುದಕ್ಕೂ ಒಂದು ಕ್ರಮ ಇದೆ. ಗಾಡಿಯನ್ನು ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬೆರೆಯದೆ ಉಳಿದ ನೀರು ಭಾರ, ತಳಕ್ಕೆ ಇಳಿದು ಬೆಳಗ್ಗೆ ಮೊದಲು ಅದೇ ಬರುತ್ತದೆ. ಕೆಳಗಿನ ಡ್ರೈನ್ ಬೋಲ್ಟ್ ಮುಟ್ಟುವ ಮುಂಚೆ ಎಣ್ಣೆ ಹಾಕುವ ಮೇಲಿನ ಬೋಲ್ಟ್ ಬಿಚ್ಚಿ. ಯಾಕೆ ಅಂದರೆ, ಕೆಳಗಿನದು ಬಿಚ್ಚಿ ಎಣ್ಣೆ ಪೂರ್ತಿ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಬರದಿದ್ದರೆ ಭಾನುವಾರದ ಹೊತ್ತು ಎಲ್ಲಿಗೆ ಹೋಗುತ್ತೀರಿ? ಎಣ್ಣೆ ಇಳಿಸಿ, ಕಡಿಮೆ ಬೆಲೆಯ ಗೇರ್ ಆಯಿಲ್ ತುಂಬಿ, ನಾಲ್ಕೈದು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ. ಆಮೇಲೆ ಒಳ್ಳೆಯದು ಹಾಕಿ. ಹೌಸಿಂಗಿಗೆ ಜಿಎಲ್ 5 ದರ್ಜೆಯದು ಇರಲಿ. ಅದನ್ನೇ ಗೇರ್ ಬಾಕ್ಸಿಗೂ ಸುರಿಯಬೇಡಿ. ಹಳೇ ಗೇರ್ ಬಾಕ್ಸಿನಲ್ಲಿ ಹಿತ್ತಾಳೆ ರಿಂಗುಗಳಿರುತ್ತವೆ. ಜಿಎಲ್ 5ರಲ್ಲಿರುವ ಗಂಧಕದ ಮಿಶ್ರಣ ಅವುಗಳಿಗೆ ಆಗಿಬರುವುದಿಲ್ಲ. ಅಲ್ಲಿಗೆ ಜಿಎಲ್ 4.

ಇಷ್ಟಾದ ಮೇಲೆ ಸೀಲ್ ಬದಲಿಸಿ, ಎಣ್ಣೆ ಕುಡಿದ ಲೈನರ್ ತೆಗೆದು ಹೊಸದು ಹಾಕಿಸಿ. ಪೆಟ್ರೋಲಿನಲ್ಲಿ ತೊಳೆದು ಅದನ್ನೇ ಹಾಕುತ್ತೇನೆ ಅನ್ನುವ ಮೇಸ್ತ್ರಿ ಸಿಕ್ಕರೆ ಕೈಮುಗಿದು ಬನ್ನಿ.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. 1997ರ ಜಿಪ್ಸಿ ಕಿಂಗ್ ತಗೊಂಡಿದ್ದೇನೆ. 30 ಇಂಚಿನ ಟೈರ್, ಉದ್ದ ಶ್ಯಾಕಲ್ ಹಾಕಿಸಿ ಎತ್ತರ ಮಾಡಿಸಬೇಕು, ಮುಂದೆ ದೊಡ್ಡ ಬಂಪರ್, ಮೇಲೆ ಆರು ಲೈಟ್. ಯಾವುದು ಮೊದಲು ಮಾಡಿಸಲಿ ಮೇಡಂ?

ತಮ್ಮಾ, ನಿಮ್ಮ ಪತ್ರದಲ್ಲಿ ಬ್ರೇಕ್ ಹೇಗಿದೆ ಅಂತ ಒಂದು ಸಾಲಿಲ್ಲ. ಇಪ್ಪತ್ತೈದು ವರ್ಷ ದಾಟಿದ ಗಾಡಿಯ ಬಗ್ಗೆ ಬರೆಯುವಾಗ ಅದು ಮೊದಲು ಬರಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಂಗಾಯ್ತು.

ಲೆಕ್ಕ ಮಾಡೋಣ ಬನ್ನಿ. ನಿಮ್ಮ ಜಿಪ್ಸಿಯ ಟೈರು 205/70 ಆರ್ 15. ಅದರ ಅಡ್ಡಳತೆ ಸುಮಾರು 26.3 ಇಂಚು. 30 ಇಂಚಿನದು ಹಾಕಿದರೆ ಮೂರು ಮುಕ್ಕಾಲು ಇಂಚಿನ ಹತ್ತಿರ ಜಾಸ್ತಿ. ಆದರೆ ನೆಲದಿಂದ ಹೌಸಿಂಗ್ ಏಳುವುದು ಅದರ ಅರ್ಧ ಮಾತ್ರ, ಎರಡು ಇಂಚೂ ಇಲ್ಲ. ಟೈರು ಶೇಕಡಾ 14ರಷ್ಟು ದೊಡ್ಡದಾಯ್ತು. ಅಂದರೆ ಎಲ್ಲ ಗೇರೂ ಶೇಕಡಾ 12ರಷ್ಟು ಎಳೆತ ಕಳೆದುಕೊಂಡವು. ನಿಮ್ಮದು 1298 ಸಿಸಿಯ ಕಾರ್ಬುರೇಟರ್ ಎಂಜಿನ್ನು, 60 ಕುದುರೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಲೋ ಗೇರ್ ಅನುಪಾತ 2.268, ಅದು ದೊಡ್ಡ ಟೈರಿನಲ್ಲಿ 2ರ ಹತ್ತಿರಕ್ಕೆ ಇಳಿದಂತೆ ಆಗುತ್ತದೆ. ಹತ್ತುವುದಕ್ಕೆ ಅಂತ ಹಾಕಿಸಿದ ಟೈರು ಹತ್ತುವಾಗಲೇ ಕೈ ಕೊಡುತ್ತದೆ. ಸ್ಪೀಡೋಮೀಟರ್ 70 ತೋರಿಸುವಾಗ ನೀವು 80ರಲ್ಲಿರುತ್ತೀರಿ. ಬ್ರೇಕಿಗೆ ಮಾತ್ರ ಯಾರೂ ದೊಡ್ಡ ಡ್ರಮ್ ಹಾಕಿಸಿಕೊಟ್ಟಿರುವುದಿಲ್ಲ.

ಉದ್ದ ಶ್ಯಾಕಲ್ ಬಗ್ಗೆ ನನಗೆ ಸಿಟ್ಟೇ ಇದೆ. ಸ್ಪ್ರಿಂಗ್ ಪ್ಲೇಟಿನ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಕೊಂಡಿ ಅದು. ಎರಡು ಇಂಚು ಹೆಚ್ಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏಳುವುದು ಒಂದೇ ಇಂಚು. ಬಾಡಿ ಎದ್ದಿತು, ಸರಿ. ಕಲ್ಲಿಗೆ ತಾಗುವ ಹೌಸಿಂಗ್ ಇದ್ದಲ್ಲೇ ಇದೆ. ಇನ್ನೊಂದು ವಿಷಯ. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ಸ್ವಲ್ಪ ಓರೆಯಾಗಿರುತ್ತದೆ. ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗಲು ಆ ಓರೆಯೂ ನೆರವಾಗುತ್ತದೆ. ಜಿಪ್ಸಿಯ ಮುಂದಿನ ಚಕ್ರಕ್ಕೂ ಅಂಥ ಓರೆ ಕೊಟ್ಟಿದ್ದಾರೆ. ಮುಂದಿನ ಶ್ಯಾಕಲ್ ಉದ್ದ ಮಾಡಿದರೆ ಆಕ್ಸಲ್ ತಿರುಗಿ ಆ ಓರೆ ಕಡಿಮೆಯಾಗುತ್ತದೆ. ಸ್ಟೇರಿಂಗ್ ಹಗುರವಾಯ್ತು ಅಂತ ಮೊದಲ ದಿನ ಖುಷಿಯಾಗುತ್ತದೆ. ಎರಡನೇ ದಿನ ಹೈವೇಯಲ್ಲಿ ಗಾಡಿ ಕುಡುಕನ ಹಾಗೆ ಆಚೆ ಈಚೆ ಹೋಗುತ್ತದೆ.

ನಿಮ್ಮ ಜಿಪ್ಸಿ ಕುಸಿದಿದೆ ಅನ್ನಿಸಿದರೆ ಸ್ಪ್ರಿಂಗ್ ಪ್ಲೇಟ್ ನೋಡಿ. ಹಳೇ ಪ್ಲೇಟಿನ ಕಮಾನು ಚಪ್ಪಟೆಯಾಗಿರುತ್ತದೆ. ಬಡಿಸಿ ಬಾಗಿಸಿಕೊಡುವವರಿದ್ದಾರೆ. ಸರಿಯಾಗಿ ಕಾಯಿಸಿ ಹದ ಮಾಡದಿದ್ದರೆ ಅದು ಮತ್ತೆ ಕೂರುತ್ತದೆ. ಹೊಸ ಸೆಟ್ ಹಾಕಿಸಿ, ಶ್ಯಾಕಲ್ ಬುಷ್ ಬದಲಿಸಿ. ಯು ಬೋಲ್ಟುಗಳನ್ನು ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಕಂಪನಿ ಕೊಟ್ಟ ಎತ್ತರ ವಾಪಸ್ ಬಂದರೆ ಅದೇ ನಿಮಗೆ ಹೊಸ ಗಾಡಿ ಅನ್ನಿಸುತ್ತದೆ.

ಕಾನೂನಿನ ವಿಷಯ ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ದೊಡ್ಡ ಕಬ್ಬಿಣದ ಬಂಪರ್ ವಿರುದ್ಧ 2017ರ ಕೊನೆಯಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ನಿಮ್ಮ ಪಟ್ಟಿ ಓದಿ ನಾನೇ ದಂಡದ ಮೊತ್ತ ಕೂಡಿಸಿ ನೋಡಿದೆ. ನಿಮಗೆ ಹೇಳಿ ಬೇಜಾರು ಮಾಡುವುದಿಲ್ಲ.

ಬೆಳಕು ಬೇಕು ಅನ್ನುವುದು ನ್ಯಾಯವಾದ ಆಸೆ. ಆರು ಲೈಟ್ ಬಿಡಿ, ಇರುವ ಎರಡು ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್) ಹಾಕಿಸಿ. ಹಳೇ ಗಾಡಿಗಳಲ್ಲಿ ಬಲ್ಬಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಸುತ್ತಿ ಬರುತ್ತದೆ. ವೈರು ಹಳತು, ಸ್ವಿಚ್ ಸವೆದದ್ದು, ದಾರಿಯಲ್ಲೇ ವೋಲ್ಟ್ ಸೋರಿ ಹೋಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸು, ರಿಲೇ. ನನ್ನ ಜೀಪಿಗೆ ಇದನ್ನು ಹಾಕಿದ ರಾತ್ರಿ ನಮ್ಮನೆಯವರು ಬಲ್ಬ್ ಬದಲಿಸಿದ್ಯಾ ಅಂತ ಕೇಳಿದರು. ಬಲ್ಬ್ ಅದೇ.

ಅದೇ ಜಿಪ್ಸಿ ಇನ್ನೊಬ್ಬರದು, ಮೈಸೂರಿನಿಂದ: ಮಳೆ ಬಂದಾಗ ಗ್ರಿಪ್ ಸಿಗಲಿ ಅಂತ ಡಾಂಬರು ರಸ್ತೆಯಲ್ಲೂ ಫೋರ್ ವೀಲ್ ಹಾಕಿ ಓಡಿಸುತ್ತೇನೆ. ತಿರುವಿನಲ್ಲಿ ಸ್ಟೇರಿಂಗ್ ಬಿಗಿ, ಆಮೇಲೆ ಲಿವರ್ ಕಿತ್ತರೂ ಬರುವುದಿಲ್ಲ. ಮುಂದಿನ ಚಕ್ರದ ಹಬ್ ಮೇಲೆ ಫ್ರೀ, ಲಾಕ್ ಅಂತಲೂ ಇದೆ.

ಡಾಂಬರಿನಲ್ಲಿ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಸುತ್ತುವ ದಾರಿ ಹಿಂದಿನವುಗಳಿಗಿಂತ ಉದ್ದ. ನಿಮ್ಮ ಗಾಡಿಯಲ್ಲಿ ಮುಂದಿನ, ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಶಿಯಲ್ (ವೇಗದ ವ್ಯತ್ಯಾಸ ಹೊಂದಿಸುವ ಗೇರು) ಇಲ್ಲ, ಎರಡೂ ಒಂದೇ ಸುತ್ತು ತಿರುಗಬೇಕು. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಜಗಳ ಬಗೆಹರಿಸುತ್ತದೆ. ಡಾಂಬರು ಜಾರಲು ಬಿಡುವುದಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟು ತಿರುಚಿಕೊಂಡು ನಿಲ್ಲುತ್ತದೆ. ಕೊನೆಗೆ ಜಾಯಿಂಟ್ ಕ್ರಾಸೋ, ಟ್ರಾನ್ಸ್‌ಫರ್ ಕೇಸಿನ ಹಲ್ಲೋ ಬಲಿ.

ಲಿವರ್ ಸಿಕ್ಕಿಕೊಂಡರೆ ಒದೆಯಬೇಡಿ. ಸ್ಟೇರಿಂಗ್ ನೆಟ್ಟಗೆ ಇಟ್ಟು ಹತ್ತು ಮಾರು ರಿವರ್ಸ್ ಬನ್ನಿ, ತಾನಾಗಿ ಕಳಚುತ್ತದೆ.

ಇನ್ನು ಮುಂದಿನ ಚಕ್ರದ ಹಬ್ ಮೇಲೆ ಫ್ರೀ, ಲಾಕ್ ಅಂತ ಇದೆ ಅಂದಿದ್ದೀರಿ. ಲಾಕ್ ಮಾಡಿದರೆ ಚಕ್ರ ಮುಂದಿನ ಶಾಫ್ಟಿಗೆ ಕೂಡಿಕೊಳ್ಳುತ್ತದೆ, ಫ್ರೀ ಅಂದರೆ ಬಿಡಿಯಾಗಿ ತಿರುಗುತ್ತದೆ. ಕೆಸರಿಗೆ ಇಳಿಯುವ ಮುಂಚೆಯೇ ಎರಡೂ ಕಡೆ ಲಾಕ್ ಮಾಡಿ. ಇಳಿದು ಹೂತ ಮೇಲೆ ಮೊಣಕೈವರೆಗೆ ರಾಡಿಯಲ್ಲಿ ಕೈ ಹಾಕಿ ತಿರುಗಿಸುವ ಸುಖ ನಾನು ಕಂಡಿದ್ದೇನೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹಬ್ ಮಾತ್ರ ಲಾಕ್ ಮಾಡಿ, ಫೋರ್ ವೀಲ್ ಲಿವರ್ ಹಾಕದೆ, ನಾಲ್ಕೈದು ಕಿಲೋಮೀಟರ್ ಓಡಿಸಿ. ಸುಮ್ನೆ ಫ್ರೀಯಲ್ಲೇ ಇಟ್ಟರೆ ಮುಂದಿನ ಗೇರುಗಳಿಗೆ ಎಣ್ಣೆ ತಾಗುವುದೇ ಇಲ್ಲ.

ನಮ್ಮ ಜೀಪು 45 ದಾಟಿದರೆ ಮುಂದಿನ ಚಕ್ರ ಗಡಗಡ ನಡುಗುತ್ತದೆ. ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಗ್ಯಾರೇಜಿನವರು ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಅಂತಾರೆ. ಹಾಕಿಸಲಾ? (ಊರಿನ ಹೆಸರು ಕರಗಿದ ಪತ್ರ)

ಡ್ಯಾಂಪರ್ ಅಂದರೆ ಸ್ಟೇರಿಂಗಿನ ನಡುಕ ಹೀರುವ ಶಾಕ್ ಅಬ್ಸಾರ್ಬರ್. ಈಗಲೇ ಹಾಕಿಸಿದರೆ ಜ್ವರಕ್ಕೆ ಮಾತ್ರೆ ನುಂಗಿ ಗದ್ದೆಗೆ ಇಳಿದ ಹಾಗೆ. ನಡುಕ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಇದಕ್ಕೆ ಇಬ್ಬರು ಬೇಕು. ನೀವು ಅಡಿ ಮಲಗಿ, ಮನೆಯಲ್ಲಿ ಯಾರನ್ನಾದರೂ ಸೀಟಿನಲ್ಲಿ ಕೂರಿಸಿ. ಗಾಡಿ ನಿಂತಲ್ಲೇ ಸ್ಟೇರಿಂಗನ್ನು ಎರಡು ಬೆರಳಷ್ಟು ಎಡಕ್ಕೆ ಬಲಕ್ಕೆ ಆಡಿಸಲಿ. ನೀವು ಒಂದೊಂದೇ ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸರಳಿನ ತುದಿಯ ಕೀಲು) ಮೇಲೆ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಟಿಕ್ ಅಂತ ಗೊತ್ತಾಗುತ್ತದೆ. ಟಿಕ್ ಅಂದದ್ದನ್ನು ಬದಲಿಸಿ.

ಆಮೇಲೆ ಮುಂದಿನ ಒಂದು ಚಕ್ರ ಜಾಕಿಗೆ ಎತ್ತಿ. ಅಡಿಗೆ ಸ್ಟ್ಯಾಂಡೋ, ಗಟ್ಟಿ ಮರದ ದಿಮ್ಮಿಯೋ ಕೊಡದೆ ಕೈ ಹಾಕಬೇಡಿ. ಚಕ್ರದ ತಲೆಯ ಮೇಲೆ ಒಂದು ಕೈ, ತಳದಲ್ಲಿ ಒಂದು ಕೈ ಇಟ್ಟು ಮುಂದೆ ಹಿಂದೆ ಅಲ್ಲಾಡಿಸಿ. ಅಲ್ಲಾಡಿತಾ? ಈಗ ಸೀಟಿನಲ್ಲಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ವೀಲ್ ಬೇರಿಂಗ್ ಸಡಿಲ. ಒತ್ತಿದರೂ ಅಲ್ಲಾಡಿದರೆ ಕಿಂಗ್ ಪಿನ್ ಬೇರಿಂಗ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನದು. ಈ ಒಂದು ಉಪಾಯ ನಮ್ಮ ಮೇಸ್ತ್ರಿ ನನಗೆ ಹೇಳಿಕೊಟ್ಟದ್ದು, ಒಂದು ಸೇರು ಜೇನುತುಪ್ಪದ ಬದಲಿಗೆ.

ಹಳೇ ಜೀಪುಗಳಲ್ಲಿ ಹತ್ತಕ್ಕೆ ಏಳು ಸಲ ಕಿಂಗ್ ಪಿನ್ನೇ ಅಂತ ನನ್ನ ಅನುಭವ. ಬೇರಿಂಗ್ ಹೊಸದು ಹಾಕಿದರೆ ಮುಗಿಯಲಿಲ್ಲ. ಮೇಲೆ ಕೆಳಗೆ ಶಿಮ್ಮು ಅನ್ನುವ ತೆಳ್ಳನೆ ತಗಡಿನ ಬಿಲ್ಲೆಗಳಿರುತ್ತವೆ. ಅವುಗಳನ್ನು ತೆಗೆದು ಹಾಕಿ ಬಿಗಿ ಹೊಂದಿಸಬೇಕು. ಟೈ ರಾಡ್ ಬಿಚ್ಚಿಟ್ಟು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಒತ್ತಾಯ ಕೇಳಬೇಕು, ಗಟ್ಟಿ ಅಂಬಲಿಯಲ್ಲಿ ಸೌಟು ಆಡಿಸಿದ ಹಾಗೆ. ಸಲೀಸಾಗಿ ಆಡಿದರೆ ಇನ್ನೊಂದು ಶಿಮ್ ತೆಗೆಯಿರಿ. ನಿಮ್ಮದು ಹಳೇ ಸಿಜೆ 3ಬಿ ಆಗಿದ್ದರೆ ಮುಂದಿನ ಕ್ರಾಸ್ ಮೆಂಬರ್ ಮೇಲೆ ಬೆಲ್ ಕ್ರ್ಯಾಂಕ್ ಅಂತ ಒಂದಿದೆ, ಅದರ ಪಿನ್ನು ಸವೆದಿದೆಯಾ ನೋಡಿ. ಚಕ್ರ ಬ್ಯಾಲೆನ್ಸ್ ಮಾಡಿಸಿ. ರಿಮ್ಮಿನ ಒಳಬದಿ ಅಂಟಿದ ಗಟ್ಟಿ ಕೆಸರೂ ನಡುಕ ತರುತ್ತದೆ, ಮೊದಲು ಅದನ್ನು ಕೆರೆದು ನೋಡಿ, ಖರ್ಚಿಲ್ಲ.

ಇಷ್ಟೆಲ್ಲ ಆದ ಮೇಲೆ ಡ್ಯಾಂಪರ್ ಹಾಕಿಸಿದರೆ ನನ್ನದೇನೂ ತಕರಾರಿಲ್ಲ.

ಅಜ್ಜನ ಕಾಲದ ಪೆಟ್ರೋಲ್ ಸಿಜೆ 3ಬಿ ಅಟ್ಟದಡಿ ಹದಿನೆಂಟು ವರ್ಷದಿಂದ ನಿಂತಿದೆ. ಚಿಕ್ಕಪ್ಪ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸೋಣ ಅಂತಾರೆ. ನನಗೆ ಮನಸ್ಸಿಲ್ಲ. ನೀವೇನಂತೀರಿ? — ಶಿರಸಿಯ ಓದುಗರು

ನಾನು ನಿಮ್ಮ ಪಕ್ಷ. ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ಒಂದು ಕಾಲದಲ್ಲಿ ಡೀಸೆಲ್ ಅಗ್ಗ ಅಂತ ಎಷ್ಟೋ ಪೆಟ್ರೋಲ್ ಜೀಪುಗಳ ಹೃದಯ ಕಿತ್ತು ಡೀಸೆಲ್ ಕೂರಿಸಿದರು. ತಪ್ಪು ಅನ್ನುವುದಿಲ್ಲ, ತೋಟದ ಕೆಲಸ ನಡೆಯಬೇಕಿತ್ತು. ಆದರೆ ಈಗ ನಿಮ್ಮ ಗಾಡಿ ಕೂಲಿ ಮಾಡಬೇಕಾಗಿಲ್ಲ. ಆ ಎಂಜಿನ್ನಿಗೆ ಹರಿಕೇನ್ ಅಂತ ಹೆಸರು, 2.2 ಲೀಟರಿನದು. ಗಾಳಿ ಒಳಗೆ ಬಿಡುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಆ ಎತ್ತರದ ಎಂಜಿನ್ ಹಿಡಿಸಲೆಂದೇ 3ಬಿಯ ಬಾನೆಟ್ಟು ಎತ್ತರ ಇರುವುದು. ಬೇರೆ ಎಂಜಿನ್ ಕೂರಿಸಿದರೆ ಆ ಬಾನೆಟ್ಟಿಗೆ ಅರ್ಥವೇ ಇಲ್ಲ, ಅಲ್ವಾ? ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆಯೂ ಬೇಕು.

ಹದಿನೆಂಟು ವರ್ಷ ನಿಂತದ್ದಕ್ಕೆ ಸೆಲ್ಫ್ ಹೊಡೆಯಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ತಿರುಗಿದರೆ ದೇವರಿಗೆ ತೆಂಗಿನಕಾಯಿ ಒಡೆಯಿರಿ. ತಿರುಗದಿದ್ದರೆ ಇನ್ನಷ್ಟು ಎಣ್ಣೆ ಬಿಟ್ಟು ಇನ್ನೂ ಒಂದು ವಾರ ಬಿಡಿ, ಬಲ ಹಾಕಬೇಡಿ. ಎಂಜಿನ್ ಆಯಿಲ್ ಇಳಿಸಿ, ಹೊಸದು. ಏರ್ ಫಿಲ್ಟರ್ ಎಣ್ಣೆ ಬಟ್ಟಲಿನದು, ಅದರ ತಳದಲ್ಲಿ ಹದಿನೆಂಟು ವರ್ಷದ ಜಿರಲೆಗಳಿರುತ್ತವೆ. ಟ್ಯಾಂಕ್ ಕಳಚಿ ತೊಳೆಸಿ. ಬ್ರೇಕಿನ ರಬ್ಬರು, ಹೋಸು, ವೀಲ್ ಸಿಲಿಂಡರ್ ಎಲ್ಲ ಹೊಸದೇ ಆಗಬೇಕು, ಅದರಲ್ಲಿ ಚೌಕಾಸಿ ಬೇಡ.

ಒಂದು ವಿಷಯ ಅಜ್ಜನ ಕಾಲದಲ್ಲಿ ಇರಲಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರನ್ನು ಅದು ಮೆತ್ತಗೆ ಮಾಡಿ ತಿನ್ನುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಂ, ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯದ್ದೇ ಕೇಳಿ ಹಾಕಿಸಿ. ಎಥನಾಲ್ ನೀರನ್ನೂ ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಬೇಸಿಗೆಯ ಘಾಟಿಯಲ್ಲಿ ಕೆಮ್ಮಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಎಲೆಯಡಿಕೆ ಹಾಕಿಕೊಳ್ಳಿ. ಪೈಪಿನಲ್ಲಿ ಆವಿಯಾಗಿ ಸಿಕ್ಕಿಕೊಂಡ ಪೆಟ್ರೋಲು ತಣ್ಣಗಾಗಿ ಮತ್ತೆ ಹರಿಯುತ್ತದೆ.

ಬಿಡಿಭಾಗ ಬೆಂಗಳೂರಿನ ಜೆಸಿ ರಸ್ತೆಯಲ್ಲಿ, ಹಳೆಯವು ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ಹಳೇ ಪಾರ್ಟು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಯಿಮಾತಲ್ಲಿ ಹೇಳಿದರೆ ಬೇರೆಯದೇ ಕೊಡುತ್ತಾರೆ, ನಾನು ಎರಡು ಸಲ ತಂದಿದ್ದೇನೆ.

ಆರ್‌ಸಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಅದು. ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31, ಆರ್‌ಸಿ ನವೀಕರಣಕ್ಕೆ ಫಾರಂ 25. ನವೀಕರಣ ಐದು ವರ್ಷಕ್ಕೆ ಸಿಗುತ್ತದೆ. ಚಾಸಿಸ್ ನಂಬರ್ ತುಕ್ಕಿನಲ್ಲಿ ಮುಚ್ಚಿದ್ದರೆ ಮೆತ್ತಗೆ ಮರಳು ಕಾಗದದಲ್ಲಿ ಉಜ್ಜಿ, ಗ್ರೈಂಡರ್ ಹಿಡಿದು ಅಕ್ಷರವನ್ನೇ ಅಳಿಸಬೇಡಿ.

ಕೆಲವು ಸಣ್ಣ ಪ್ರಶ್ನೆಗಳು ಒಟ್ಟಿಗೆ

ಕುಂದಾಪುರದಿಂದ, ತುಕ್ಕಿಗೆ ಅಡಿಯಲ್ಲೆಲ್ಲ ಹಳೇ ಎಂಜಿನ್ ಆಯಿಲ್ ಹೊಡೆಸಬಹುದಾ ಅಂತ. ನಮ್ಮ ಮಾವ ಹೊಡೆಸುತ್ತಿದ್ದರು. ನಾನು ಬಿಟ್ಟೆ. ಬುಷ್ಷಿನ ರಬ್ಬರ್ ಉಬ್ಬಿ ಹಾಳಾಗುತ್ತದೆ, ಸೋರಿದ್ದೆಲ್ಲ ಬಾವಿ ಕಡೆ ಹೋಗುತ್ತದೆ. ನಿಮ್ಮದು ಉಪ್ಪುಗಾಳಿ, ವಾರಕ್ಕೊಮ್ಮೆ ಸಿಹಿನೀರಲ್ಲಿ ಅಡಿ ತೊಳೆಯಿರಿ. ಚಾಸಿಸ್ ಪಟ್ಟಿಯ ಒಳಗೆ ಕೆಸರು ತುಂಬಿ ಕೂತಿರುತ್ತದೆ, ಅದರ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ. ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ, ಬದ್ ಅಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ ವೆಲ್ಡಿಂಗಿನವರಿಗೆ ತೋರಿಸಿ. ಮಳೆಗಾಲದಲ್ಲಿ ಒಳಗಿನ ಮ್ಯಾಟ್ ತೆಗೆದಿಡಿ.

ಮಡಿಕೇರಿಯಿಂದ, ಬೆಳಗ್ಗೆ ಚಳಿಯಲ್ಲಿ ಪಿಜೋ ಎಂಜಿನ್ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆಗುವುದಿಲ್ಲ ಅಂತ. ಅದು ಉರಿಯದ ಡೀಸೆಲ್. ಹೀಟರ್ ಪ್ಲಗ್ ಒಂದೊಂದನ್ನೂ ಬಿಚ್ಚಿ ಪರೀಕ್ಷೆ ಮಾಡಿಸಿ, ನಾಲ್ಕರಲ್ಲಿ ಎರಡು ಸತ್ತಿರಬಹುದು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡಿ. ನೀಲಿ ಬಂದರೆ ನನಗೆ ಬರೆಯಬೇಡಿ, ನೇರ ಮೇಸ್ತ್ರಿ ಹತ್ತಿರ ಹೋಗಿ.

ಸಕಲೇಶಪುರದಿಂದ, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಹಾಕಿಸಬೇಕಾ ಅಂತ. ವರ್ಷಕ್ಕೆ ಎಷ್ಟು ಸಲ ಹೂಳುತ್ತೀರಿ? ನನ್ನ ಹತ್ತಿರ ಚಾಸಿಸ್ಸಿಗೇ ಬೋಲ್ಟ್ ಹಾಕಿದ ಹುಕ್ಕು ಹಿಂದೆ ಮುಂದೆ ಇದೆ, ಒಂದು ಗಟ್ಟಿ ಹಗ್ಗ ಇದೆ, ಗುದ್ದಲಿ ಇದೆ. ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹಾಕಿ, ಜನರನ್ನು ದೂರ ನಿಲ್ಲಿಸಿ. ತುಂಡಾದ ಹಗ್ಗ ಚಾವಟಿಯ ಹಾಗೆ ಬರುತ್ತದೆ. ಬಂಪರಿಗೆ ಕಟ್ಟಬೇಡಿ. ಅದಕ್ಕೂ ಮುಂಚೆ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ ನೋಡಿ, ಎಷ್ಟೋ ಸಲ ಹಗ್ಗವೇ ಬೇಕಾಗುವುದಿಲ್ಲ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿ.

ಮೊನ್ನೆ ಹಳ್ಳ ದಾಟುವಾಗ ನೀರು ಬಾನೆಟ್ ಮಟ್ಟಕ್ಕೆ ಬಂದು ಡೀಸೆಲ್ ಜೀಪು ಟಕ್ ಅಂತ ನಿಂತಿತು. ಟ್ರಾಕ್ಟರಿನಲ್ಲಿ ಎಳೆದು ತಂದು ಶೆಡ್ಡಿನಲ್ಲಿಟ್ಟಿದ್ದೇವೆ. ಸೆಲ್ಫ್ ಹೊಡೆದು ನೋಡಲಾ? — ಕಳಸದ ಓದುಗರು

ಬೇಡ, ಬೇಡ, ಬೇಡ. ಈ ಪತ್ರಕ್ಕೆ ಪತ್ರಿಕೆ ಬರುವವರೆಗೆ ಕಾಯದೆ ಸಂಪಾದಕರಿಂದ ಫೋನ್ ಮಾಡಿಸಿದ್ದೇನೆ. ಉಳಿದವರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರು ಕೂತಿರುವಾಗ ಸೆಲ್ಫ್ ಹೊಡೆದರೆ ಪಿಸ್ಟನ್ ಮೇಲೆ ಹೋಗಲಾರದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಟಕ್ ಅಂತ ನಿಂತಾಗಲೇ ಬಾಗಿರಲೂಬಹುದು.

ಬ್ಯಾಟರಿ ವೈರ್ ಕಳಚಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಒಳಗೆ ಒದ್ದೆಯಿದ್ದರೆ ಎಂಜಿನ್ನಿಗೂ ನೀರು ಹೋಗಿದೆ ಅಂತಲೇ ಲೆಕ್ಕ. ಇಂಜೆಕ್ಟರುಗಳನ್ನು ಬಿಚ್ಚಿಸಿ, ತೂತುಗಳು ತೆರೆದಿರುವಾಗ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ. ನೀರು ಪಿಚಕಾರಿಯ ಹಾಗೆ ಹಾರುತ್ತದೆ, ಮುಖ ದೂರ ಇರಲಿ. ನಿಂತ ಮೇಲೆ ಒಂದೊಂದು ತೂತಿಗೂ ಸ್ವಲ್ಪ ಎಣ್ಣೆ. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗ್, ಎಲ್ಲದರ ಎಣ್ಣೆ ಇಳಿಸಿ. ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನ ತಳದ ನೀರು ತೆಗೆಸಿ. ಫೀಡ್ ಪಂಪಿನ ಗುಂಡಿ ಒತ್ತಿ ಏರ್ ತೆಗೆದ ಮೇಲೆ ಮಾತ್ರ ಸ್ಟಾರ್ಟ್. ಎಂಜಿನ್ ಒಂದು ಕಾಲು ಕುಂಟಿದ ಹಾಗೆ ಓಡಿದರೆ ಅಲ್ಲೇ ನಿಲ್ಲಿಸಿ, ರಾಡ್ ಬಾಗಿದೆ.

ಇದೆಲ್ಲ ನೀರಿಗೆ ಇಳಿದ ಎರಡು ಮೂರು ದಿನದೊಳಗೆ ಆಗಬೇಕು. ನಿಮ್ಮ ಪತ್ರದ ಮೇಲೆ ತಾರೀಕಿಲ್ಲ, ಅದೇ ನನಗೆ ಗಾಬರಿ.

ಮುಂದಿನ ತಿಂಗಳಿಗೆ ಬರೆಯುವವರು ಗಾಡಿಯ ಮಾಡೆಲ್ಲು, ಇಸವಿ, ಎಂಜಿನ್ ಯಾವುದು ಅಂತ ಬರೆಯಿರಿ. ಫೋಟೋ ಕಳಿಸುವುದಾದರೆ ಬಾನೆಟ್ ಮೇಲೆ ಕೂತ ಫೋಟೋ ಬೇಡ, ಅಡಿಯಿಂದ ತೆಗೆದದ್ದು ಕಳಿಸಿ.